ಒಂದೇ ಆಲ್ಬಂ ಒಮ್ಮೆ 312, ಇನ್ನೊಮ್ಮೆ 10: ಲಾರಿನ್ ಹಿಲ್ ಅವರನ್ನು ಹೇಗೆ ಕೇಳಬೇಕು?

ಪ್ರಶ್ನೆ: ನಾನು ಸಾಗರದವಳು, ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದೇನೆ. ಕಾಲೇಜಿನ ಸೆಮಿನಾರ್‌ಗೆ ಅಮೆರಿಕದ ಗಾಯಕಿ, ರ‍್ಯಾಪರ್ ಲಾರಿನ್ ಹಿಲ್ ಅವರ 1998ರ ಆಲ್ಬಂ ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’ ಆರಿಸಿಕೊಂಡೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಕೆಲವರು ಇದಕ್ಕಿಂತ ದೊಡ್ಡ ಆಲ್ಬಂ ಇಲ್ಲ ಎನ್ನುತ್ತಾರೆ. ಕೆಲವರು, ಬೇರೆಯವರು ಮಾಡಿದ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಂಡರು ಎನ್ನುತ್ತಾರೆ. ನಮ್ಮ ಕ್ಲಾಸಿನ ಹುಡುಗರು ‘ಅರ್ಧಕ್ಕರ್ಧ ಹಾಡೇ ಇದೆ, ರ‍್ಯಾಪ್ ಎಲ್ಲಿ?’ ಎಂದು ಕೇಳುತ್ತಾರೆ. ಆಮೇಲೆ ಅವರ ಎರಡನೇ ಆಲ್ಬಂ ಬರಲೇ ಇಲ್ಲವಂತೆ. ಯಾರ ಮಾತು ನಂಬಲಿ? ನಾನೂ ಕನ್ನಡದಲ್ಲಿ ರ‍್ಯಾಪ್ ಬರೆಯುತ್ತೇನೆ. ಗೆಳೆಯನೊಬ್ಬ ಬೀಟ್ ಮಾಡಿಕೊಡುತ್ತಾನೆ. ಒಂದಷ್ಟು ಹಾಡು ತಯಾರಾಗಿವೆ. ಈ ಆಲ್ಬಂನಿಂದ ನಾನು ಕಲಿಯುವಂಥದ್ದು ಏನಿದೆ?

ಉತ್ತರ: ನಿಮ್ಮ ಕ್ಲಾಸಿನ ಹುಡುಗರ ಪ್ರಶ್ನೆಯಿಂದಲೇ ಶುರು ಮಾಡೋಣ. ಅದಕ್ಕೆ ಉತ್ತರ ಆಲ್ಬಂ ಒಳಗೇ ಇದೆ, ಯಾರ ಮಾತನ್ನೂ ನಂಬಬೇಕಾಗಿಲ್ಲ. ಸೆಮಿನಾರ್ ದಿನ ಬೇರೇನೂ ಹೇಳುವ ಮುಂಚೆ ‘ಲಾಸ್ಟ್ ಒನ್ಸ್’ ಹಾಕಿ. ಪೂರ್ತಿ ರ‍್ಯಾಪ್. ಗಟ್ಟಿ ಡ್ರಮ್, ಸ್ವಲ್ಪವೇ ವಾದ್ಯ, ಅದರ ಮೇಲೆ ಜಮೈಕಾದ ಮಾತಿನ ಧಾಟಿ ಬೆರೆತ ಇಂಗ್ಲಿಷ್. ಒಂದು ಸಾಲು ಮುಗಿಯುವ ಮೊದಲೇ ಮುಂದಿನ ಪ್ರಾಸ ಬಂದು ನಿಂತಿರುತ್ತದೆ. ಆಮೇಲೆ ‘ಫೈನಲ್ ಅವರ್’ ಕೇಳಿಸಿ. ಅದೂ ಹಾಗೆಯೇ. ಎಲ್ಲರಿಗೂ ಗೊತ್ತಿರುವ ‘ಡೂ ವಾಪ್’ ಹಾಡಿನಲ್ಲಿ ಮೊದಲ ಚರಣ ಹೆಣ್ಣುಮಕ್ಕಳಿಗೆ ಹೇಳಿದ್ದು, ಎರಡನೆಯದು ಗಂಡಸರಿಗೆ. ಎರಡೂ ರ‍್ಯಾಪ್. ಪಲ್ಲವಿ ಮಾತ್ರ ಹಾಡು.

ಉಳಿದ ಹಾಡುಗಳಲ್ಲಿ ಅವರು ಹಾಡುತ್ತಾರೆ, ನಿಜ. ಹಾಡಿದರೆ ಏನಾಯಿತು? ಹೇಳಬೇಕಾದದ್ದಕ್ಕೆ ಎಲ್ಲಿ ಮಾತು ಬೇಕೋ ಅಲ್ಲಿ ಮಾತು, ಎಲ್ಲಿ ರಾಗ ಬೇಕೋ ಅಲ್ಲಿ ರಾಗ. ಸಿಟ್ಟಿಗೆ ರ‍್ಯಾಪ್ ಬಂದಿದೆ. ಬಿಟ್ಟುಹೋದ ಪ್ರೀತಿಗೆ, ಮಗುವಿಗೆ ಹಾಡು ಬಂದಿದೆ. ಒಂದೇ ಗಂಟಲಲ್ಲಿ ಎರಡನ್ನೂ ಇಷ್ಟು ಚೆನ್ನಾಗಿ ಮಾಡುವವರು ಆಗ ತುಂಬ ಕಡಿಮೆ. ಇವತ್ತು ಅರ್ಧ ಹಾಡುತ್ತಾ ಅರ್ಧ ರ‍್ಯಾಪ್ ಮಾಡುವ ಗಂಡಸರು ಪ್ರಪಂಚದ ತುಂಬಾ ಇದ್ದಾರೆ. ಅವರಿಗೆ ಯಾರೂ ‘ರ‍್ಯಾಪ್ ಎಲ್ಲಿ’ ಎಂದು ಕೇಳುವುದಿಲ್ಲ. ಇದನ್ನು ನಿಮ್ಮ ಹುಡುಗರಿಗೆ ಧೈರ್ಯವಾಗಿ ಹೇಳಿ.

ಈ ಗೊಂದಲ ನಿಮ್ಮ ಕ್ಲಾಸಿನಲ್ಲಿ ಹುಟ್ಟಿದ್ದೂ ಅಲ್ಲ. ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯಲ್ಲಿ 1999ರಲ್ಲಿ ಈ ಆಲ್ಬಂಗೆ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್, ಅಂದರೆ ಹಾಡುಗಾರಿಕೆಯ) ವಿಭಾಗದಲ್ಲಿ ಪ್ರಶಸ್ತಿ ಬಂತು. ರ‍್ಯಾಪ್ ಆಲ್ಬಂ ಪ್ರಶಸ್ತಿ ಆ ವರ್ಷ ಜೇ-ಝೀ ಅವರಿಗೆ ಹೋಯಿತು. ಆದರೂ ಅದೇ ರಾತ್ರಿ ‘ವರ್ಷದ ಆಲ್ಬಂ’ ಎಂಬ ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿ ಲಾರಿನ್ ಹಿಲ್ ಅವರಿಗೆ ಸಿಕ್ಕಿದಾಗ, ಹಿಪ್ ಹಾಪ್‌ಗೆ, ಅಂದರೆ ರ‍್ಯಾಪ್ ಸೇರಿದ ಆ ಸಂಗೀತ ಪ್ರಕಾರಕ್ಕೆ, ಮೊದಲ ಬಾರಿ ಆ ಗೌರವ ಬಂತು ಎಂದು ಎಲ್ಲರೂ ಬರೆದರು. ಒಂದೇ ಕೆಲಸವನ್ನು ಒಂದು ಕಡೆ ರ‍್ಯಾಪ್ ಎಂದು ಕೊಂಡಾಡಿದರು, ಇನ್ನೊಂದು ಕಡೆ ಬೇರೆ ಕೋಣೆಯಲ್ಲಿ ಕೂರಿಸಿದರು.

ಈಗ ಹಿನ್ನೆಲೆ, ಚಿಕ್ಕದಾಗಿ. ಲಾರಿನ್ ಹಿಲ್ ಹುಟ್ಟಿದ್ದು 1975ರಲ್ಲಿ, ಬೆಳೆದದ್ದು ನ್ಯೂಜೆರ್ಸಿಯ ಸೌತ್ ಆರೆಂಜ್‌ನಲ್ಲಿ. ವೈಕ್ಲೆಫ್ ಜಾನ್, ಪ್ರಾಸ್ ಮಿಶೆಲ್ ಜೊತೆ ಫ್ಯೂಜೀಸ್ ಎಂಬ ತಂಡ ಕಟ್ಟಿದರು. 1996ರಲ್ಲಿ ಬಂದ ಅವರ ಎರಡನೇ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು, ರ‍್ಯಾಪ್ ವಿಭಾಗದ ಗ್ರ್ಯಾಮಿಯನ್ನೂ ಗೆದ್ದಿತು. ಆಮೇಲೆ ತಂಡ ಒಡೆಯಿತು. 1997ರಲ್ಲಿ ಅವರಿಗೆ ಮೊದಲ ಮಗು ಹುಟ್ಟಿತು. ಅದೇ ವರ್ಷದ ಕೊನೆಯಿಂದ 1998ರ ಮಧ್ಯದವರೆಗೆ ಈ ಆಲ್ಬಂ ಕೆಲಸ ನಡೆಯಿತು. ಸ್ವಲ್ಪ ನ್ಯೂಯಾರ್ಕಿನ ಚುಂಗ್ ಕಿಂಗ್ ಸ್ಟುಡಿಯೋದಲ್ಲಿ, ಬಹುಪಾಲು ಜಮೈಕಾದ ಕಿಂಗ್ಸ್‌ಟನ್‌ನಲ್ಲಿ ಬಾಬ್ ಮಾರ್ಲಿ ಕಟ್ಟಿದ ಟಫ್ ಗಾಂಗ್ ಸ್ಟುಡಿಯೋದಲ್ಲಿ. 1998ರ ಆಗಸ್ಟ್ 25ಕ್ಕೆ ಆಲ್ಬಂ ಹೊರಬಂದಾಗ ಅವರಿಗೆ 23 ವರ್ಷ. ಒಂದು ಮಗು ಕೈಯಲ್ಲಿ, ಇನ್ನೊಂದು ಹೊಟ್ಟೆಯಲ್ಲಿ.

ಈ ಕೊನೆಯ ವಿಷಯ ತುಂಬ ಮುಖ್ಯ, ಸೆಮಿನಾರ್‌ನಲ್ಲಿ ಬಿಡಬೇಡಿ. ‘ಟು ಝಯಾನ್’ ಹಾಡು ಆ ಮೊದಲ ಮಗನಿಗೆ ಬರೆದದ್ದು. ಈಗ ಮಗು ಬೇಡ, ನಿನ್ನ ಹೆಸರು ಹಣ ಎಲ್ಲ ಹಾಳಾಗುತ್ತದೆ ಎಂದು ಸುತ್ತಲಿನವರು ಕೊಟ್ಟ ಬುದ್ಧಿಮಾತು ಹಾಡಿನೊಳಗೇ ಬರುತ್ತದೆ. ಅದಕ್ಕೆ ಅವರ ಉತ್ತರವೂ ಬರುತ್ತದೆ. ರ‍್ಯಾಪ್ ಆಲ್ಬಂನಲ್ಲಿ ಅಷ್ಟು ಹೊತ್ತಿಗೆ ಅಮ್ಮಂದಿರ ಬಗ್ಗೆ ಮಕ್ಕಳು ಬರೆದ ಹಾಡುಗಳಿದ್ದವು. ತಾಯಿಯೇ ತನ್ನ ಬಸಿರಿನ ಬಗ್ಗೆ, ತಾನೇ ಮಾಡಿದ ತೀರ್ಮಾನದ ಬಗ್ಗೆ ಇಷ್ಟು ಬಿಚ್ಚಿ ಹೇಳಿದ್ದು ಜನರಿಗೆ ಹೊಸದು. ಆ ಹಾಡಿನಲ್ಲಿ ಕಾರ್ಲೋಸ್ ಸಂತಾನಾ ಗಿಟಾರ್ ನುಡಿಸಿದ್ದಾರೆ. ಡ್ರಮ್ ಮಾತ್ರ ಕವಾಯತಿನ ಡೋಲಿನ ಹಾಗೆ ಬಿಗಿಯಾಗಿ ಹೋಗುತ್ತದೆ. ಲಾಲಿಗೆ ಯಾರೂ ಇಡದ ತಾಳ ಅದು. ನನಗೆ ಇಡೀ ಆಲ್ಬಂನಲ್ಲಿ ಹೆಚ್ಚು ಇಷ್ಟವಾದ ತೀರ್ಮಾನ ಇದೇ. ಮಗುವಿನ ಮೇಲಿನ ಪ್ರೀತಿಯನ್ನು ಮೆತ್ತಗೆ ಹೇಳದೆ, ಹೋರಾಡಿ ಉಳಿಸಿಕೊಂಡ ಹಾಗೆ ಹೇಳಿದ್ದಾರೆ.

ಆಲ್ಬಂ ಶುರುವಾಗುವುದು ಶಾಲೆಯ ಗಂಟೆಯಿಂದ. ಮೇಷ್ಟ್ರು ಹಾಜರಿ ಕರೆಯುತ್ತಾರೆ. ‘ಲಾರಿನ್ ಹಿಲ್’ ಎಂದಾಗ ಉತ್ತರ ಬರುವುದಿಲ್ಲ. ಆಕೆ ಗೈರುಹಾಜರು. ಆಮೇಲೆ ಹಾಡುಗಳ ನಡುನಡುವೆ ಆ ಕ್ಲಾಸು ಮತ್ತೆ ಮತ್ತೆ ಬರುತ್ತದೆ, ಮೇಷ್ಟ್ರು ಮಕ್ಕಳ ಹತ್ತಿರ ಪ್ರೀತಿ ಎಂದರೇನು ಎಂದು ಕೇಳುತ್ತಾರೆ. ಮೇಷ್ಟ್ರ ದನಿ ರಾಸ್ ಬರಾಕಾ ಅವರದ್ದು. ಕವಿ, ನಿಜಕ್ಕೂ ಶಿಕ್ಷಕರಾಗಿದ್ದವರು, 2014ರಲ್ಲಿ ನ್ಯೂಆರ್ಕ್ ನಗರದ ಮೇಯರ್ ಆದರು. ಮಕ್ಕಳೂ ಬರೆದುಕೊಟ್ಟ ಮಾತು ಒಪ್ಪಿಸುವುದಿಲ್ಲ, ತಮಗೆ ತೋಚಿದ್ದು ಹೇಳುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಇಷ್ಟದ ಹಾಡನ್ನಷ್ಟೇ ಆರಿಸಿ ಕೇಳಿದರೆ ಈ ಎಳೆ ಕೈತಪ್ಪುತ್ತದೆ. ಆದ್ದರಿಂದ ಒಮ್ಮೆಯಾದರೂ 77 ನಿಮಿಷ ಕೂತು, ಮೊದಲಿಂದ ಕೊನೆಯವರೆಗೆ, ಹಿಂದೆಮುಂದೆ ಮಾಡದೆ ಕೇಳಿ. ಶಫಲ್ ಆಫ್ ಇರಲಿ.

ನನ್ನ ಕಸುಬು ಧ್ವನಿಮುದ್ರಣ. ಹಾಗಾಗಿ ಎರಡನೇ ಸಲ ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ ಎಂದು ಹೇಳದೆ ಇರಲಾರೆ. ಹಿನ್ನೆಲೆಯಲ್ಲಿ ಅವರದ್ದೇ ದನಿ ಎಷ್ಟು ಪದರವಾಗಿ ನಿಂತಿದೆ ಗಮನಿಸಿ. ಒಂದೊಂದು ಸ್ವರವನ್ನು ಬೇರೆ ಬೇರೆಯಾಗಿ ಹಾಡಿ ಒಂದರ ಮೇಲೊಂದು ಕೂರಿಸಿದ ಕೆಲಸ ಅದು. ಅದರಲ್ಲೂ ದನಿಯನ್ನು ಇಸ್ತ್ರಿ ಹೊಡೆದ ಹಾಗೆ ನಯ ಮಾಡಿಲ್ಲ. ಗಂಟಲಿನ ಒರಟು ಉಳಿದಿದೆ, ಉಸಿರು ಉಳಿದಿದೆ. ಆ ಕಾಲದ ರ‍್ಯಾಪ್‌ನಲ್ಲಿ ಹಳೇ ರೆಕಾರ್ಡ್‌ನ ತುಣುಕನ್ನು ಸುತ್ತಿ ಸುತ್ತಿ ಹಾಕುವುದೇ ರೂಢಿ. ಇಲ್ಲಿ ತುಣುಕುಗಳೂ ಇವೆ, ಆದರೆ ಕೈಯಲ್ಲಿ ನುಡಿಸಿದ ಗಿಟಾರ್, ಬೇಸ್, ಪಿಯಾನೊ, ತುತ್ತೂರಿ ಜಾಸ್ತಿ. ‘ಎವ್ರಿಥಿಂಗ್ ಈಸ್ ಎವ್ರಿಥಿಂಗ್’ನಲ್ಲಿ ಪಿಯಾನೊ ನುಡಿಸಿದ ಹುಡುಗ ಆಗಿನ್ನೂ ಕಾಲೇಜು ವಿದ್ಯಾರ್ಥಿ. ಇವತ್ತು ಅವರನ್ನು ಜಾನ್ ಲೆಜೆಂಡ್ ಎಂದು ಎಲ್ಲರೂ ಬಲ್ಲರು.

ಇನ್ನು ಆಲ್ಬಂಗೆ ಸಿಕ್ಕ ಸ್ವಾಗತ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ವಾರವೇ ಅಮೆರಿಕದಲ್ಲಿ 4.22 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಸೀದಾ ಮೊದಲ ಸ್ಥಾನಕ್ಕೆ ಬಂತು. ‘ಡೂ ವಾಪ್’ ಕೂಡ ಹಾಡುಗಳ ಪಟ್ಟಿಗೆ ಕಾಲಿಟ್ಟದ್ದೇ ಮೊದಲ ಸ್ಥಾನದಲ್ಲಿ. ಪರದೆಯನ್ನು ಎರಡು ಭಾಗ ಮಾಡಿ 1967ರ ಬೀದಿ ಒಂದು ಕಡೆ, 1998ರ ಬೀದಿ ಇನ್ನೊಂದು ಕಡೆ ತೋರಿಸಿದ ಅದರ ವಿಡಿಯೋಗೆ ಎಂಟಿವಿಯ ವರ್ಷದ ವಿಡಿಯೋ ಪ್ರಶಸ್ತಿ ಬಂತು. 1999ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಲಾರಿನ್ ಹಿಲ್. ಅದೇ ತಿಂಗಳ ಗ್ರ್ಯಾಮಿಯಲ್ಲಿ 10 ನಾಮನಿರ್ದೇಶನ, 5 ಪ್ರಶಸ್ತಿ. ಒಂದೇ ರಾತ್ರಿ ಅಷ್ಟು ಗೆದ್ದ ಮೊದಲ ಮಹಿಳೆ ಅವರು. ವಿಮರ್ಶಕರೂ ಮೆಚ್ಚಿದರು. ವಿಲೇಜ್ ವಾಯ್ಸ್ ಪತ್ರಿಕೆ ಪ್ರತಿವರ್ಷ ವಿಮರ್ಶಕರಿಂದ ಮತ ಹಾಕಿಸುತ್ತಿತ್ತು. 1998ರ ಆ ಪಟ್ಟಿಯಲ್ಲಿ ಲೂಸಿಂಡಾ ವಿಲಿಯಮ್ಸ್ ಮೊದಲು, ಲಾರಿನ್ ಹಿಲ್ ಎರಡನೆಯವರು.

ಇಷ್ಟು ಎಲ್ಲ ಕಡೆ ಸಿಗುತ್ತದೆ. ನಿಮ್ಮ ಗೊಂದಲ ಬಿಡಿಸುವುದು ಬೇರೆ ಮೂರು ಅಂಕಿಗಳು. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ 500 ಆಲ್ಬಂಗಳ ಪಟ್ಟಿ ಮಾಡಿತು. ಈ ಆಲ್ಬಂಗೆ 312ನೇ ಸ್ಥಾನ. 2012ರಲ್ಲಿ ಪರಿಷ್ಕರಿಸಿದಾಗ 314. 2020ರಲ್ಲಿ ಹೊಸದಾಗಿ ಮತ ಹಾಕಿಸಿದಾಗ 10.

ಆಲ್ಬಂನ ಒಂದು ಸ್ವರವೂ ಈ ನಡುವೆ ಬದಲಾಗಿಲ್ಲ, ಅಲ್ವಾ? ಬದಲಾದದ್ದು ಮತ ಹಾಕಿದವರು. ಹಳೇ ಪಟ್ಟಿಯ ಮೇಲ್ಭಾಗದ ತುಂಬಾ 1960–70ರ ದಶಕದ ರಾಕ್ ತಂಡಗಳೇ ಇದ್ದವು. 2020ರಲ್ಲಿ 300ಕ್ಕೂ ಹೆಚ್ಚು ಕಲಾವಿದರು, ಪತ್ರಕರ್ತರು, ಸಂಗೀತ ಉದ್ಯಮದವರು ಮತ ಹಾಕಿದರು. ಹಿಪ್ ಹಾಪ್ ಕೇಳಿ ಬೆಳೆದ ತಲೆಮಾರು, ಕಪ್ಪು ಕಲಾವಿದರು, ಹೆಣ್ಣುಮಕ್ಕಳು ಆ ಗುಂಪಿನಲ್ಲಿ ಇದ್ದರು. 16ನೇ ವಯಸ್ಸಿನಲ್ಲಿ ಈ ಆಲ್ಬಂ ಕೇಳಿ ಅತ್ತ ಹುಡುಗಿ ಈಗ ಮತ ಹಾಕುವ ಜಾಗದಲ್ಲಿ ಕೂತಿದ್ದಾಳೆ ಎಂದುಕೊಳ್ಳಿ. 2017ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೋ ಹೆಣ್ಣುಮಕ್ಕಳು ಮಾಡಿದ 150 ಆಲ್ಬಂಗಳ ಪಟ್ಟಿ ಮಾಡಿದಾಗ ಇದು ಎರಡನೆಯದು. 2024ರಲ್ಲಿ ಆ್ಯಪಲ್ ಮ್ಯೂಸಿಕ್‌ನ 100 ಆಲ್ಬಂಗಳ ಪಟ್ಟಿಯಲ್ಲಿ ಮೊದಲನೆಯದು.

ಹಾಗಾಗಿ ನಿಮ್ಮ ಸೆಮಿನಾರ್‌ನಲ್ಲಿ ‘ಇದಕ್ಕೆ ಇಂಥ ಸ್ಥಾನ ಸಿಕ್ಕಿದೆ, ಆದ್ದರಿಂದ ಇದು ಶ್ರೇಷ್ಠ’ ಎಂದು ದಯವಿಟ್ಟು ಹೇಳಬೇಡಿ. 10 ಎಂದವರನ್ನು ನಂಬಿದರೆ 312 ಎಂದವರಿಗೆ ಏನು ಉತ್ತರ ಕೊಡುತ್ತೀರಿ? ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಯಾವ ವರ್ಷ ಯಾರು ಕೇಳುತ್ತಿದ್ದರು ಎಂದು ಕೇಳಿ. ಅಲ್ಲಿಂದ ಒಳ್ಳೆಯ ಚರ್ಚೆ ಹುಟ್ಟುತ್ತದೆ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಕಲಾವಿದರ ಕೆಲಸದಲ್ಲಿ ಹುಡುಕಿ. 2018ರ ವಸಂತದಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಕಾರ್ಡಿ ಬಿ ಮತ್ತು ಡ್ರೇಕ್ ಇಬ್ಬರೂ ಹೊಸ ಹಾಡು ತಂದರು. ಎರಡರಲ್ಲೂ ಈ ಆಲ್ಬಂನ ‘ಎಕ್ಸ್ ಫ್ಯಾಕ್ಟರ್’ ಹಾಡಿನ ಎಳೆ ಇತ್ತು. 20 ವರ್ಷ ಹಳೆಯ ಹಾಡಿನ ಹತ್ತಿರ ಆ ವರ್ಷದ ಇಬ್ಬರು ದೊಡ್ಡ ರ‍್ಯಾಪರ್‌ಗಳು ಒಟ್ಟಿಗೆ ಬಂದರು. ನನಗೆ ಇದು ಯಾವ ಪಟ್ಟಿಗಿಂತಲೂ ದೊಡ್ಡ ಮಾತು.

ಇನ್ನು ಕಷ್ಟದ ಪ್ರಶ್ನೆ: ಕೆಲಸ ಯಾರದ್ದು?

ಇದನ್ನು ಸುಮ್ನೆ ‘ಹೊಟ್ಟೆಕಿಚ್ಚು’ ಎಂದು ತಳ್ಳಿಹಾಕಬೇಡಿ. ಆಲ್ಬಂನ ಕವರ್‌ನಲ್ಲಿ ನಿರ್ಮಾಣ, ರಚನೆ, ಸಂಯೋಜನೆ ಎಲ್ಲದಕ್ಕೂ ಪ್ರಧಾನವಾಗಿ ಲಾರಿನ್ ಹಿಲ್ ಹೆಸರೇ ಇತ್ತು. 1998ರ ನವೆಂಬರ್‌ನಲ್ಲಿ, ಆಲ್ಬಂ ಗೆದ್ದು ಓಡುತ್ತಿರುವಾಗಲೇ, ನ್ಯೂ ಆರ್ಕ್ ಎಂಬ ಹೆಸರಿನ ನಾಲ್ವರು ಸಂಗೀತಗಾರರ ತಂಡ ಕೋರ್ಟಿಗೆ ಹೋಯಿತು. ಹಲವು ಹಾಡುಗಳ ರಚನೆಯಲ್ಲಿ, ನಿರ್ಮಾಣದಲ್ಲಿ ನಮ್ಮ ಪಾಲಿದೆ, ನಮಗೆ ಹೆಸರು ಸಿಕ್ಕಿಲ್ಲ ಎಂಬುದು ಅವರ ದೂರು. 2001ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. 50 ಲಕ್ಷ ಡಾಲರ್‌ಗೆ ಎಂದು ಪತ್ರಿಕೆಗಳು ಬರೆದವು. ರಾಜಿಯಾದ್ದರಿಂದ ನ್ಯಾಯಾಧೀಶರ ತೀರ್ಪು ಬರಲಿಲ್ಲ. ಅಂದರೆ ‘ಕದ್ದದ್ದು ಸಾಬೀತಾಗಿದೆ’ ಎಂದು ಹೇಳುವವರ ಮಾತು ತಪ್ಪು. ‘ಆರೋಪ ಸುಳ್ಳೆಂದು ಸಾಬೀತಾಗಿದೆ’ ಎಂಬುದೂ ತಪ್ಪು. 2018ರಲ್ಲಿ ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್ ರೇಡಿಯೋ ಸಂದರ್ಶನದಲ್ಲಿ ಹಳೇ ವಿಷಯ ಮತ್ತೆ ಎತ್ತಿದರು. ಆಗ ಲಾರಿನ್ ಹಿಲ್ ದೀರ್ಘ ಬರಹದಲ್ಲಿ ಉತ್ತರ ಕೊಟ್ಟರು.

ನನ್ನ ಅಭಿಪ್ರಾಯ ಹೇಳುತ್ತೇನೆ. ನೀವು ಸಾಗರದವರು, ತಾಳಮದ್ದಲೆ ಕೇಳಿರುತ್ತೀರಿ. ಪ್ರಸಂಗದ ಪದ್ಯ ಬರೆದವರು ಒಬ್ಬರು. ಭಾಗವತರು ಹಾಡುತ್ತಾರೆ. ಮದ್ದಲೆಯವರು ನುಡಿಸುತ್ತಾರೆ. ಆ ಪದ್ಯ ಹಿಡಿದು ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ, ಎದುರಿನವನ ವಾದ ಮುರಿಯುತ್ತಾನೆ. ಮರುದಿನ ಜನ ‘ನಿನ್ನೆಯ ಕರ್ಣ ಎಂಥ ಕರ್ಣ’ ಎನ್ನುವುದು ಅರ್ಥಧಾರಿಯ ಬಗ್ಗೆಯೇ. ಅದರಲ್ಲಿ ಅನ್ಯಾಯವೇನೂ ಇಲ್ಲ, ಆ ಕರ್ಣ ಅವನದ್ದೇ. ಆದರೆ ಕರಪತ್ರದಲ್ಲಿ ಭಾಗವತರ ಹೆಸರು, ಮದ್ದಲೆಯವರ ಹೆಸರು ಇರುತ್ತದೆ. ಅದು ಬಿಟ್ಟುಹೋದರೆ ದೊಡ್ಡ ಅವಮಾನ. ಎರಡೂ ಒಟ್ಟಿಗೆ ನಿಜ. ಲಾರಿನ್ ಹಿಲ್ ವಿಷಯವೂ ಹೀಗೇ ಎಂದು ನನ್ನ ನಂಬಿಕೆ. ಆ ಮಗು ಅವರದ್ದು, ಆ ಜಗಳ ಅವರದ್ದು, ಆ ಊರು ಅವರದ್ದು, ಆ ದನಿ ಅವರದ್ದು. ಬೇರೆ ಯಾರೂ ಆ ಆಲ್ಬಂ ಮಾಡಲು ಸಾಧ್ಯವಿರಲಿಲ್ಲ. ಹಾಗೆಂದು ಜೊತೆಗೆ ಕೂತು ದುಡಿದವರು ತಮ್ಮ ಹೆಸರು ಕೇಳಿದ್ದು ತಪ್ಪಲ್ಲ.

ಇನ್ನೂ ಒಂದು ಮಾತು ಇದೆ. ಈ ಪ್ರಶ್ನೆಯನ್ನು ಯಾರಿಗೆ ಎಷ್ಟು ಸಲ ಕೇಳುತ್ತಾರೆ ಎಂದು ನೋಡಿ. ರ‍್ಯಾಪರ್, ನಿರ್ಮಾಪಕ ಡಾ. ಡ್ರೇ ಅವರ 1992ರ ಮೊದಲ ಆಲ್ಬಂನಲ್ಲಿ ಸ್ನೂಪ್ ಡಾಗ್, ಡಿ.ಒ.ಸಿ. ಮುಂತಾದವರು ಬರೆದ ಸಾಲುಗಳಿವೆ. ಅದು ಡ್ರೇ ಅವರ ಆಲ್ಬಂ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಬರೆದವರಿಗೆ ಅಲ್ಲಿ ಹೆಸರು ಕೊಟ್ಟಿದ್ದರು, ಈ ವ್ಯತ್ಯಾಸವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಹುಡುಗಿಯೊಬ್ಬಳು ಮೈಕ್ ಹಿಡಿದ ತಕ್ಷಣ ‘ಯಾರು ಬರೆದುಕೊಟ್ಟರು?’ ಎನ್ನುವ ಅಭ್ಯಾಸ ಅಮೆರಿಕದಲ್ಲೂ ಇದೆ, ಇಲ್ಲೂ ಇದೆ. ನನ್ನ ಹತ್ತಿರ ರೆಕಾರ್ಡಿಂಗ್‌ಗೆ ಬಂದ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಎದುರಾದದ್ದು ಕಣ್ಣಾರೆ ಕಂಡಿದ್ದೇನೆ. ಅದೇ ಕೋಣೆಯಲ್ಲಿ ನಿಂತ ಹುಡುಗರಿಗೆ ಯಾರೂ ಕೇಳಿಲ್ಲ.

ಇದೇ ಕಾಲದ ಇನ್ನೊಂದು ಆಲ್ಬಂ ಜೊತೆಗೆ ಇಟ್ಟು ಕೇಳಿದರೆ ಒಳ್ಳೆಯದು. ಮಿಸ್ಸಿ ಎಲಿಯಟ್ ಅವರ ಮೊದಲ ಆಲ್ಬಂ 1997ರ ಜುಲೈನಲ್ಲಿ ಬಂತು. ಅದರ ನಿರ್ಮಾಪಕ ಟಿಂಬಲ್ಯಾಂಡ್. ಇಬ್ಬರೂ ವರ್ಜೀನಿಯಾದವರು, ಜೊತೆಯಲ್ಲೇ ಬೆಳೆದ ಗೆಳೆಯರು. ಬೀಟ್ ಟಿಂಬಲ್ಯಾಂಡ್ ಅವರದ್ದು, ಮಾತು ಮತ್ತು ಕಲ್ಪನೆ ಮಿಸ್ಸಿ ಅವರದ್ದು ಎಂದು ಶುರುವಿನಿಂದಲೇ ಎಲ್ಲರಿಗೂ ಗೊತ್ತಿತ್ತು. ಇದರಿಂದ ಮಿಸ್ಸಿ ಚಿಕ್ಕವರಾಗಲಿಲ್ಲ. 2023ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಮಹಿಳಾ ರ‍್ಯಾಪರ್ ಅವರೇ.

ಎರಡನೇ ಆಲ್ಬಂ ಬರಲಿಲ್ಲ ಎಂಬುದಕ್ಕೆ ಜಾಸ್ತಿ ಹೊತ್ತು ಬೇಡ. 2002ರಲ್ಲಿ ಎಂಟಿವಿಗಾಗಿ ಗಿಟಾರ್ ಒಂದನ್ನೇ ಹಿಡಿದು ಹಾಡಿದ ನೇರ ಕಾರ್ಯಕ್ರಮದ ಆಲ್ಬಂ ಬಂತು. ಹೊಸ ಹಾಡುಗಳು, ನಡುವೆ ಉದ್ದುದ್ದ ಮಾತು, ಒಡೆದ ದನಿ. ಕೆಲವರು ಮೆಚ್ಚಿದರು, ಹಲವರು ಮುಖ ತಿರುಗಿಸಿದರು. ಒಬ್ಬರೇ ಮಾಡಿದ ಸ್ಟುಡಿಯೋ ಆಲ್ಬಂ ಇಂದಿಗೂ 1998ರದ್ದು ಒಂದೇ. 2021ರಲ್ಲಿ ಅದಕ್ಕೆ ಅಮೆರಿಕದಲ್ಲಿ ಡೈಮಂಡ್ ಮಾನ್ಯತೆ, ಅಂದರೆ ಒಂದು ಕೋಟಿ ಪ್ರತಿಯ ಲೆಕ್ಕ, ಸಿಕ್ಕಿತು. ಮಹಿಳಾ ರ‍್ಯಾಪರ್‌ಗಳಲ್ಲಿ ಅದು ಮೊದಲು. ಒಂದು ಒಳ್ಳೆಯ ಕೆಲಸ ಮಾಡಿದವರು ಇನ್ನೊಂದನ್ನು ನಮಗೆ ಸಾಲ ಇಟ್ಟುಕೊಂಡಿಲ್ಲ. ಈ ಆಲ್ಬಂ ಬಗ್ಗೆ ಮಾತಾಡುವಾಗ ಈ ಆಲ್ಬಂ ಬಗ್ಗೆ ಮಾತಾಡಿ.

ಈಗ ನಿಮ್ಮ ಹಾಡುಗಳಿಗೆ ಬರೋಣ. ನನಗೆ ಹೆಚ್ಚು ಖುಷಿ ಕೊಟ್ಟದ್ದು ನಿಮ್ಮ ಪತ್ರದ ಆ ಕೊನೆಯ ಸಾಲುಗಳೇ.

ಬರವಣಿಗೆಯಲ್ಲಿ ಒಂದು ವಿಷಯ ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಸಾಲಿನ ಕೊನೆಗೆ ‘ಬರ್ತೀನಿ, ಇರ್ತೀನಿ, ಹೇಳ್ತೀನಿ’ ಎಂದು ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ ಪ್ರಾಸಕ್ಕೆ ಕೇಳುವವರ ಕಿವಿ ನಿಲ್ಲುವುದಿಲ್ಲ. ಎಂಟು ಸಾಲಿಗೆ ಬೇಜಾರು ಬರುತ್ತದೆ. ‘ಲಾಸ್ಟ್ ಒನ್ಸ್’ನಲ್ಲಿ ಪ್ರಾಸ ಸಾಲಿನ ಕೊನೆಗಷ್ಟೇ ಕಾಯುವುದಿಲ್ಲ, ಒಳಗೊಳಗೇ ಬಡಿಯುತ್ತದೆ. ನಮ್ಮಲ್ಲೂ ಆ ದಾರಿ ಇದೆ. ಹಳಗನ್ನಡದ ಪದ್ಯದಲ್ಲಿ ಪ್ರಾಸ ಇರುವುದು ಸಾಲಿನ ಶುರುವಿನ ಎರಡನೇ ಅಕ್ಷರದಲ್ಲಿ. ಯಕ್ಷಗಾನದ ಪದ್ಯದಲ್ಲೂ ಅದನ್ನು ಕೇಳುತ್ತೀರಿ. ‘ಮಳೆ’ ಎಂದು ಒಂದು ಸಾಲು ಶುರುವಾದರೆ ಮುಂದಿನದು ‘ಹೊಳೆ’, ಆಮೇಲೆ ‘ಕಳೆ’. ಬೀಟಿನ ಮೊದಲ ಪೆಟ್ಟಿಗೆ ಆ ಅಕ್ಷರ ಬಂದು ಕೂತರೆ ಎಂಥ ಶಕ್ತಿ ಬರುತ್ತದೆ, ಒಮ್ಮೆ ಮಾಡಿ ನೋಡಿ. ಸಾಲಿನ ಕೊನೆಯನ್ನು ಕ್ರಿಯಾಪದದಿಂದ ಬಿಡಿಸಿ, ಊರಿನ ಹೆಸರಿಗೋ ವಸ್ತುವಿಗೋ ಕೊಡಿ.

ಭಾಷೆಯ ಬಗ್ಗೆ ನಾಚಿಕೆ ಬೇಡ. ಲಾರಿನ್ ಹಿಲ್ ತಮ್ಮ ನ್ಯೂಜೆರ್ಸಿಯ ಬೀದಿ, ಅಂಗಡಿ, ಆಟಗಳ ಹೆಸರು ಹೇಳಿಯೇ ಒಂದು ಹಾಡು ಕಟ್ಟಿದರು. ಕೇಳುವವರಿಗೆ ಆ ಊರು ಗೊತ್ತಿಲ್ಲದಿದ್ದರೂ ನಡೆಯಿತು. ನಿಮ್ಮ ಮನೆಮಾತು, ಸಾಗರದ ಸಂತೆ, ಕೊನೆಕೊಯ್ಲು, ರಾತ್ರಿ ಬಸ್ಸು ಇಲ್ಲದ ಊರು, ಅಡಿಕೆ ಸುಲಿಯುವ ಹೆಂಗಸರ ಮಾತುಕತೆ, ಇವೆಲ್ಲ ಬೆಂಗಳೂರಿನ ಯಾವ ರ‍್ಯಾಪರ್ ಹತ್ತಿರವೂ ಇಲ್ಲ.

ಕೆಲಸ ಹಂಚಿಕೆಯ ವಿಷಯ ಈಗಲೇ ಸರಿ ಮಾಡಿಕೊಳ್ಳಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯ ಬರೆದವರಿಗೆ ಒಂದು, ಸಂಗೀತ ಸಂಯೋಜಿಸಿದವರಿಗೆ ಒಂದು, ಆ ಧ್ವನಿಮುದ್ರಣಕ್ಕೆ ಜವಾಬ್ದಾರಿ ಹೊತ್ತು ಮಾಡಿಸಿದ ನಿರ್ಮಾಪಕರಿಗೆ ಒಂದು. ಹಾಡಿದವರಿಗೂ ಪ್ರದರ್ಶಕರ ಹಕ್ಕು ಎಂಬುದಿದೆ. 2012ರ ತಿದ್ದುಪಡಿ ಆದಮೇಲೆ ಸಾಹಿತ್ಯ ಬರೆದವರು, ಸಂಯೋಜಕರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಅದು ನಿಮ್ಮ ಪರವಾಗಿರುವ ನಿಯಮ. ಮುಂದೆ ಹಾಡುಗಳು ಓಡಲು ಶುರುವಾದರೆ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆಯಿರಿ. ಸಾಹಿತ್ಯಕಾರರ, ಸಂಯೋಜಕರ ರಾಯಲ್ಟಿ ಸಂಗ್ರಹಿಸಿ ಹಂಚುವವರು ಅವರು.

ಬೇರೆಯವರ ಹಾಡಿನ ತುಣುಕು ಬಳಸುವಾಗ ‘ಐದು ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಪರವಾಗಿಲ್ಲ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಂಥ ನಿಯಮ ಇಲ್ಲ. ಒಪ್ಪಿಗೆ ಬೇಕು, ಅದೂ ಸಂಯೋಜನೆಗೆ ಬೇರೆ, ರೆಕಾರ್ಡಿಂಗ್‌ಗೆ ಬೇರೆ. ಇಂಟರ್ನೆಟ್‌ನಿಂದ ಕೊಂಡ ಬೀಟ್ ಇದ್ದರೆ ಲೈಸೆನ್ಸ್ ಪೂರ್ತಿ ಓದಿ. ಕಡಿಮೆ ದುಡ್ಡಿಗೆ ಸಿಗುವ ಲೀಸ್‌ನಲ್ಲಿ ಇಷ್ಟೇ ಸ್ಟ್ರೀಮ್, ಇಷ್ಟೇ ಕಾಲ ಎಂಬ ಮಿತಿ ಇರುತ್ತದೆ. ಅದೇ ಬೀಟ್ ಇನ್ನೂ ಹತ್ತು ಜನರ ಹತ್ತಿರ ಇರಬಹುದು.

ನಮ್ಮ ಕಡೆ ಇದರಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯ ಹಾಡಾಗಲಿ, ಮದುವೆ ಮನೆಯ ಸೋಬಾನೆಯಾಗಲಿ ಬೀಟಿಗೆ ಹಾಕಿದರೆ ಅದ್ಭುತವಾಗಿ ಕೇಳುತ್ತದೆ. ಆ ಹಾಡು ಒಬ್ಬರ ಸ್ವತ್ತಲ್ಲ. ಆದರೆ ನಿಮ್ಮ ಫೋನಿನಲ್ಲಿ ದಾಖಲಾದ ದನಿ ಒಬ್ಬ ಅಜ್ಜಿಯದ್ದು, ಒಬ್ಬ ಮಾವನದ್ದು. ಕೇಳದೆ ಹಾಕಬೇಡಿ. ಹಾಕಿದರೆ ಹೆಸರು ಕೊಡಿ, ದುಡ್ಡು ಬಂದರೆ ಪಾಲು ಕೊಡಿ. ಹಳ್ಳಿಯ ದನಿಯನ್ನು ‘ಜಾನಪದ’ ಎಂಬ ಒಂದೇ ಹೆಸರಿನಡಿ ತಳ್ಳಿ ಮರೆಯುವುದು ನನಗೆ ತುಂಬ ನೋವಿನ ವಿಷಯ.

ರೆಕಾರ್ಡಿಂಗ್ ಜೂನ್‌ನಿಂದ ಆಗಸ್ಟ್ ನಡುವೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹೆಂಚಿನ ಮೇಲಿನ ಮಳೆ, ಅದರಲ್ಲೂ ತಗಡಿನ ಮೇಲಿನ ಮಳೆ ಮ್ಯೂಟ್ ಮಾಡಲು ಬರುವುದಿಲ್ಲ. ನವೆಂಬರ್ ನಂತರ ಮಾಡಿ. ಹಾಸಿಗೆ ಕಂಬಳಿ ತುಂಬಿದ ಚಿಕ್ಕ ಕೋಣೆ ಸಾಕು. ದನಿಯನ್ನು ಸಾಫ್ಟ್‌ವೇರ್‌ನಲ್ಲಿ ಅತಿಯಾಗಿ ತಿದ್ದಬೇಡಿ. ನಿಮ್ಮ ಉಸಿರು ಕೇಳಲಿ.

ಬಿಡುಗಡೆಗೆ ಮೊದಲು ಒಂದು ಸಂಜೆ ಬೀಟ್ ಮಾಡಿದ ಗೆಳೆಯನ ಜೊತೆ ಕೂತುಕೊಳ್ಳಿ. ಒಂದು ಹಾಳೆ ತೆಗೆದುಕೊಂಡು ಹಾಡಿಗೊಂದು ಸಾಲಿನಂತೆ ಬರೆಯಿರಿ: ಸಾಹಿತ್ಯ ಯಾರದ್ದು, ರಾಗ ಯಾರದ್ದು, ಬೀಟ್ ಯಾರದ್ದು, ಕೊಳಲಿಗೋ ಮದ್ದಲೆಗೋ ಬಂದವರು ಯಾರು, ಯಾರ ಪಾಲು ನೂರಕ್ಕೆ ಎಷ್ಟು. ಇಬ್ಬರೂ ಸಹಿ ಮಾಡಿ, ತಾರೀಖು ಹಾಕಿ, ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ವಕೀಲರು ಬೇಕಾಗಿಲ್ಲ, ಶುರುವಿಗೆ ಅಷ್ಟು ಸಾಕು. ಕಿಂಗ್ಸ್‌ಟನ್‌ನಲ್ಲಿ ಕೆಲಸ ಶುರುವಾಗುವ ಮುಂಚೆ ಅಂಥದ್ದೊಂದು ಹಾಳೆ ಇದ್ದಿದ್ದರೆ ಆ ಕೇಸು ಬಹುಶಃ ಆಗುತ್ತಲೇ ಇರಲಿಲ್ಲ. ಹಾಡು ಮುಗಿದ ಮೇಲೆ ನನಗೂ ಕಳಿಸಿ, ಮಿಕ್ಸ್ ಕೇಳಿ ಏನು ಕಮ್ಮಿ ಇದೆ ಏನು ಜಾಸ್ತಿ ಇದೆ ಎಂದು ಬರೆಯುತ್ತೇನೆ.